ಬೆಳಕಿನ ಪಟ್ಟೆಗಳು ಮತ್ತು ಬರ್ಲಿನ್ನಿನ ಗಾಡಿಗಳು

ಫೈನಲ್ ಇಯರ್ ಪ್ರಾಜೆಕ್ಟಿಗೆ ಅಂತ ಒಂದು ಲೇಸರ್, ಎರಡು ಕನ್ನಡಿ, ಒಂದು ಬೀಮ್ ಸ್ಪ್ಲಿಟರ್ ಹೊಂದಿಸಿ ನಾವು ಮೂವರು ಇಂಟರ್‌ಫೆರೋಮೀಟರ್ ಕಟ್ಟಿದ್ವಿ. ಗೋಡೆಯ ಮೇಲೆ ಕೆಂಪು-ಕಪ್ಪು ಪಟ್ಟೆಗಳು ಮೂಡಿದಾಗ ಆದ ಖುಷಿ ಹೇಳತೀರದು. ಆದರೆ ಹೊರಗೆ ಸಿಟಿ ಬಸ್ ಹೋದರೆ ಸಾಕು, ಪಟ್ಟೆಗಳೆಲ್ಲ ಗಡಗಡ! ಪರೀಕ್ಷಕರು ಬಂದ ದಿನ ಅವು ಒಂದು ನಿಮಿಷವೂ ನಿಲ್ಲಲಿಲ್ಲ. ಮಾರ್ಕ್ಸೂ ನಿಲ್ಲಲಿಲ್ಲ :)

ಆಮೇಲೆ ಓದಿದರೆ, ಆಲ್ಬರ್ಟ್ ಮೈಕೆಲ್ಸನ್‌ನದೂ ಇದೇ ಗೋಳು. ಈಥರ್ ಹುಡುಕಲು ಹೊರಟವನಿಗೆ ಬರ್ಲಿನ್ನಿನಲ್ಲಿ ಹಗಲು ಹೊತ್ತು ಕೆಲಸ ಮಾಡಲು ಆಗಲೇ ಇಲ್ಲ. ಮಧ್ಯರಾತ್ರಿ ಕಳೆದ ಮೇಲೂ ಪಟ್ಟೆಗಳನ್ನು ಆಗೊಮ್ಮೆ ಈಗೊಮ್ಮೆ ಬಿಟ್ಟರೆ ಅಳೆಯಲಾಗದೆ, 1881ರಲ್ಲಿ ಉಪಕರಣವನ್ನು ಪಾಟ್ಸ್‌ಡ್ಯಾಮ್ ವೀಕ್ಷಣಾಲಯದ ನೆಲಮಾಳಿಗೆಗೆ ಸಾಗಿಸಿದ. ಅಲ್ಲೂ ನೂರು ಮೀಟರ್ ದೂರದಲ್ಲಿ ಯಾರಾದರೂ ಕಾಲು ಕುಟ್ಟಿದರೆ ಪಟ್ಟೆ ಮಾಯ! 1887ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಮಾರ್ಲಿ ಜೊತೆ ಸೇರಿ ಕಲ್ಲಿನ ಚಪ್ಪಡಿಯನ್ನು ಪಾದರಸದ ಮೇಲೆ ತೇಲಿಸಿಯೇ ಪ್ರಯೋಗ ಮಾಡಬೇಕಾಯಿತು. ಪಟ್ಟೆ 0.4ರಷ್ಟು ಸರಿಯಬೇಕಿತ್ತು. ಸರಿದದ್ದು ಅದರ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ.

ಬೆಳಕನ್ನು ಎರಡು ದಾರಿಯಲ್ಲಿ ಕಳಿಸಿ ಮತ್ತೆ ಕೂಡಿಸುವ ಇನ್ನೊಂದು ವಿನ್ಯಾಸವನ್ನು 1891ರಲ್ಲಿ ಜೆಂಡರ್, 1892ರಲ್ಲಿ ಲುಡ್ವಿಗ್ ಮಾಖ್ ಬೇರೆ ಬೇರೆಯಾಗಿ ಕೊಟ್ಟರು. 1969ರಲ್ಲಿ ಬೆಲ್ ಲ್ಯಾಬ್ಸಿನ ಸ್ಟೂವರ್ಟ್ ಮಿಲ್ಲರ್ 'ಇಂಟಿಗ್ರೇಟೆಡ್ ಆಪ್ಟಿಕ್ಸ್' ಅನ್ನುವ ಕಲ್ಪನೆ ಮುಂದಿಟ್ಟ: ಬೆಳಕಿನ ದಾರಿಗಳನ್ನೆಲ್ಲ ಒಂದೇ ಚಿಪ್ಪಿನ ಮೇಲೆ ಕೊರೆಯುವುದು. ನನ್ನ ಮಟ್ಟಿಗೆ ಇದು ಪಾದರಸದ ತೊಟ್ಟಿಗಿಂತ ದೊಡ್ಡ ಉಪಾಯ. ಎರಡೂ ದಾರಿ ಒಂದೇ ಚೂರಿನ ಮೇಲಿದ್ದರೆ ಬಸ್ಸು ಹೋದಾಗ ಎರಡೂ ಒಟ್ಟಿಗೇ ಅದುರುತ್ತವೆ, ವ್ಯತ್ಯಾಸ ಹುಟ್ಟುವುದೇ ಇಲ್ಲ.

1993ರಲ್ಲಿ ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ಹೈಡಮನ್ ಮತ್ತು ಸಂಗಡಿಗರು ಇಂಥ ಮಾಖ್-ಜೆಂಡರ್ ಚಿಪ್ಪಿನಿಂದ ಆ್ಯಂಟಿಬಾಡಿ ಆಧಾರಿತ ಸೆನ್ಸರ್ ಮಾಡಿ ತೋರಿಸಿದರು. ವೇವ್‌ಗೈಡಿನ ಬೆಳಕಿನ ಬಾಲ ಸ್ವಲ್ಪ ಹೊರಗೆ ಚಾಚಿರುತ್ತದೆ. ಅಲ್ಲಿಗೆ ಅಣುಗಳು ಬಂದು ಅಂಟಿದರೆ ಆ ದಾರಿಯ ಬೆಳಕು ಒಂಚೂರು ತಡವಾಗುತ್ತದೆ. ಲೆಕ್ಕ ನೋಡಿ: ದಾರಿ 1 ಸೆಂ.ಮೀ., ಬೆಳಕು 633 ನ್ಯಾನೋಮೀಟರ್ ಆದರೆ, ದಾರಿಯ ಪರಿಣಾಮಕಾರಿ ವಕ್ರೀಭವನ ಸೂಚ್ಯಂಕ ಬರೀ 0.000063 ಬದಲಾದರೂ ಒಂದು ಪೂರ್ತಿ ಪಟ್ಟೆ ಸರಿಯುತ್ತದೆ. ಪಟ್ಟೆಯ ಸಾವಿರದಲ್ಲೊಂದು ಪಾಲನ್ನು ಓದಬಲ್ಲೆವಾದರೆ?

ಆದರೆ ನೀರು ಒಂದೇ ಒಂದು ಡಿಗ್ರಿ ಬಿಸಿಯಾದರೂ ಅದರ ಸೂಚ್ಯಂಕ ಸುಮಾರು 0.0001 ಇಳಿದುಬಿಡುತ್ತದೆ! ಬಸ್ಸು ಹೋಯಿತು, ಉಷ್ಣತೆ ಬಂತು. ಹಾಗಾಗಿ ಎರಡನೇ ದಾರಿಗೂ ಅದೇ ನೀರು ತಾಗಿಸಿ, ಅಣು ಹಿಡಿಯುವ ಲೇಪವನ್ನು ಮಾತ್ರ ಮೊದಲನೆಯದಕ್ಕೆ ಕೊಡುವುದು ಒಂದು ಉಪಾಯ. ಇನ್ನೊಂದು ತೊಡಕೂ ಇದೆ. ಪಟ್ಟೆ ಪೂರ್ತಿ ಬೆಳಗಿರುವಲ್ಲಿ ಅಥವಾ ಪೂರ್ತಿ ಕಪ್ಪಾಗಿರುವಲ್ಲಿ ಸಣ್ಣ ಬದಲಾವಣೆ ಕಣ್ಣಿಗೇ ಬೀಳದು. 1999ರಲ್ಲಿ ಹೈಡಮನ್ ಮತ್ತು ಲಾಂಬೆಕ್ ವಿವರಿಸಿದ ಸೆನ್ಸರಿನಲ್ಲಿ ಇದಕ್ಕಾಗಿ ಬೆಳಕಿನ ಫೇಸನ್ನು ಬೇಕೆಂದೇ ಅಲುಗಿಸುತ್ತಿದ್ದರು. ನಾವು ಅಲುಗಬೇಡ ಅಂತ ಹರಕೆ ಹೊತ್ತದ್ದನ್ನು ಇವರು ಕರೆದು ಕೂರಿಸಿದರು ನೋಡಿ...

ನಮ್ಮ ಕನ್ನಡಿಗಳು ಇನ್ನೂ ಊರಿನ ಮನೆಯ ಅಟ್ಟದಲ್ಲಿವೆ. ನಮ್ಮೂರಿಗೆ ಕೊನೇ ಬಸ್ಸು ರಾತ್ರಿ ಒಂಬತ್ತಕ್ಕೆ. ಈ ಸಲ ಹೋದಾಗ ಹತ್ತರ ಮೇಲೆ ಒಮ್ಮೆ ಜೋಡಿಸಿ ನೋಡಬೇಕು.