ಹಳೆಯ ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್: ದೋಷ ಪತ್ತೆಯ ವಿದ್ಯೆ ಬೆಳೆದ ಬಗೆ

ಕ್ಲಚ್ ಪೆಡಲ್ ಬೇಡದ, ತಾನೇ ಗೇರು ಬದಲಿಸುವ ಪೆಟ್ಟಿಗೆ ಕಾರುಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಬಂದದ್ದು 1940ರ ಮಾದರಿಯ ಓಲ್ಡ್ಸ್‌ಮೊಬೈಲ್‌ನ ಹೈಡ್ರಾಮ್ಯಾಟಿಕ್‌ನಿಂದ. ಯಾವ ಗೇರು ಎಂಬುದನ್ನು ಅದರಲ್ಲಿ ನಿರ್ಧರಿಸುತ್ತಿದ್ದುದು ಆಯಿಲ್‌ನ ಒತ್ತಡ. ಗಾಡಿಯ ವೇಗಕ್ಕೆ ತಕ್ಕಂತೆ ಗವರ್ನರ್‌ನಿಂದ ಒಂದು ಒತ್ತಡ, ಆಕ್ಸಿಲರೇಟರ್ ಒತ್ತಿದಷ್ಟಕ್ಕೆ ಇನ್ನೊಂದು. ವಾಲ್ವ್ ಬಾಡಿಯೊಳಗೆ ಇವೆರಡರ ಜಗ್ಗಾಟದಲ್ಲಿ ಯಾವುದು ಗೆದ್ದಿತೋ ಅದರ ಪ್ರಕಾರ ಗೇರು. ಹಾಗಾಗಿ ದೋಷ ಹುಡುಕುವುದೆಂದರೆ ಒತ್ತಡ ಎಲ್ಲಿ ಸೋರಿತು ಎಂದು ಹುಡುಕುವುದೇ ಆಗಿತ್ತು.

ಆ ಕಾಲದ ಪರೀಕ್ಷೆಗಳು ಇಂದಿಗೂ ಹಳತಾಗಿಲ್ಲ. ಮೊದಲನೆಯದು ಆಯಿಲ್. ಹೊಸದು ಸಾಮಾನ್ಯವಾಗಿ ಕೆಂಪಗಿರುತ್ತದೆ. ಕಂದು ಬಣ್ಣ ಮತ್ತು ಸುಟ್ಟ ವಾಸನೆ ಇದ್ದರೆ ಪೆಟ್ಟಿಗೆಯೊಳಗಿನ ಕ್ಲಚ್ ಪ್ಲೇಟುಗಳು ಸುಟ್ಟಿವೆ. ಹಾಲು ಬೆರೆಸಿದಂತೆ ಗುಲಾಬಿಯಾಗಿದ್ದರೆ ರೇಡಿಯೇಟರ್‌ನ ನೀರು ಒಳಗೆ ಸೇರಿದೆ. ಡಿಪ್‌ಸ್ಟಿಕ್ ನೋಡುವ ಕ್ರಮ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ: ಟೊಯೊಟಾದಲ್ಲಿ ಬಿಸಿ ಎಂಜಿನ್ ಓಡುತ್ತಿರುವಾಗ, ಹೋಂಡಾದಲ್ಲಿ ಆಫ್ ಮಾಡಿದ ಕೂಡಲೇ. ಆಯಿಲ್ ಬದಲಿಸಿದ್ದರಿಂದಲೇ ಗೇರ್‌ಬಾಕ್ಸ್ ಕೆಟ್ಟಿತೆಂಬ ದೂರು ಸಾಮಾನ್ಯ. ಬಹುತೇಕ ಅದು ಮೊದಲೇ ಸವೆದಿದ್ದ ಪ್ಲೇಟುಗಳ ತಪ್ಪನ್ನು ಹೊಸ ಆಯಿಲ್‌ನ ಮೇಲೆ ಹೊರಿಸಿದಂತೆ.

ಎರಡನೆಯದು ಸ್ಟಾಲ್ ಪರೀಕ್ಷೆ. ಚಕ್ರಕ್ಕೆ ತಡೆ ಕೊಟ್ಟು, ಬ್ರೇಕ್ ಬಿಗಿಹಿಡಿದು, ಡಿ ಯಲ್ಲಿ, ಬಳಿಕ ರಿವರ್ಸ್‌ನಲ್ಲಿ, 5 ಸೆಕೆಂಡ್ ಮೀರದಂತೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಎಂಜಿನ್‌ನ ಸುತ್ತು ಎಣಿಸುವುದು. ಗದಗ ಸೀಮೆಯಲ್ಲಿ ಮಾಲೀಕರು ಹೇಳುವ ‘ಗಾಡಿ ಜಗ್ಗವಲ್ದು’ ಎಂಬ ಒಂದೇ ದೂರಿನ ಹಿಂದೆ ಅಡಗಿರುವ ಬೇರೆಬೇರೆ ರೋಗಗಳನ್ನು ಇದು ಬಿಡಿಸಿಕೊಡುತ್ತದೆ. ಸುತ್ತು ಕೈಪಿಡಿ ಹೇಳಿದ್ದಕ್ಕಿಂತ ಕಡಿಮೆಯಾದರೆ ಎಂಜಿನ್ ಸೊರಗಿದೆ, ಇಲ್ಲವೇ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಟಾರ್ಕ್ ಕನ್ವರ್ಟರ್ ಒಳಗಿನ ಒನ್‌ವೇ ಕ್ಲಚ್ ಜಾರುತ್ತಿದೆ. ಎಲ್ಲ ಗೇರಿನಲ್ಲೂ ಹೆಚ್ಚಾದರೆ ಆಯಿಲ್ ಒತ್ತಡ ಸಾಲದು. ಮುಂದಕ್ಕೆ ಅಥವಾ ಹಿಂದಕ್ಕೆ ಮಾತ್ರ ಹೆಚ್ಚಾದರೆ ಆ ದಿಕ್ಕಿನ ಕ್ಲಚ್ ಸವೆದಿದೆ. ಇದರ ಜೊತೆಗೆ ತಡದ ಪರೀಕ್ಷೆ: ಟೊಯೊಟಾ ಕೈಪಿಡಿಗಳಲ್ಲಿ ನ್ಯೂಟ್ರಲ್‌ನಿಂದ ಡಿ ಗೆ 1.2 ಸೆಕೆಂಡ್, ರಿವರ್ಸ್‌ಗೆ 1.5 ಸೆಕೆಂಡ್ ಒಳಗೆ ಕಚ್ಚಬೇಕು.

ಅದೇ ಗದಗ ಸೀಮೆಯ ಮುಶಿಗೇರಿ, ಗಜೇಂದ್ರಗಡದಂಥ ಊರುಗಳಿಗೆ ಈ ಪರೀಕ್ಷೆಗಳ ಬೆಲೆ ಹೆಚ್ಚು. ಆಟೊಮ್ಯಾಟಿಕ್ ಗಾಡಿಯನ್ನು ತಳ್ಳಿ ಚಾಲೂ ಮಾಡಲಾಗದು. ಹಗ್ಗ ಕಟ್ಟಿ ಹುಬ್ಬಳ್ಳಿವರೆಗೆ ಎಳೆದೊಯ್ಯುವಂತೆಯೂ ಇಲ್ಲ. ಎಂಜಿನ್ ನಿಂತಿದ್ದರೆ ಪಂಪ್ ಓಡದು, ಆಯಿಲ್ ಸಿಗದೆ ಒಳಗಿನದೆಲ್ಲ ಸುಡುತ್ತದೆ. ಗಾಡಿಯನ್ನು ಲಾರಿಗೆ ಹೇರುವ ಮೊದಲು ದೋಷ ನಿಂತಲ್ಲೇ ಗೊತ್ತಾದಷ್ಟೂ ಲಾಭ.

1980ರ ದಶಕದಲ್ಲಿ ಗವರ್ನರ್‌ನ ಜಾಗಕ್ಕೆ ಕಂಪ್ಯೂಟರ್ ಮತ್ತು ಸೊಲೆನಾಯ್ಡ್ (ವಿದ್ಯುತ್ ಸುರುಳಿಯ ವಾಲ್ವ್) ಬಂದವು, ದೋಷ ದೀಪದ ಮಿಣುಕಾಯಿತು. ಆ ಕಾಲದ ಟೊಯೊಟಾದಲ್ಲಿ ಪರೀಕ್ಷಾ ಕನೆಕ್ಟರಿನ ಎರಡು ಪಿನ್‌ಗಳನ್ನು ತಂತಿಯಿಂದ ಜೋಡಿಸಿದರೆ ಓ/ಡಿ ಆಫ್ ದೀಪ ದೋಷದ ಕೋಡನ್ನು ಮಿಣುಕಿ ತೋರಿಸುತ್ತದೆ. 62 ಬಂದರೆ ಒಂದನೇ ಸೊಲೆನಾಯ್ಡ್ ಇಲ್ಲವೇ ಅದರ ವೈರಿಂಗ್ ಕೆಟ್ಟಿದೆ. ಮಲ್ಟಿಮೀಟರ್‌ನಲ್ಲಿ 11ರಿಂದ 15 ಓಮ್ ತೋರಿಸಿದರೆ ಸುರುಳಿ ಸರಿಯಿದೆ, ವೈರಿಂಗ್ ನೋಡಬೇಕು.

ಅಮೆರಿಕದಲ್ಲಿ 1996ರಿಂದ ಕೋಡ್‌ಗಳು ಬಹುಪಾಲು ಎಲ್ಲ ಕಾರುಗಳಿಗೂ ಒಂದೇ ಆದವು. ಭಾರತದಲ್ಲಿ ಗಾಡಿಯೇ ತನ್ನ ದೋಷ ಗುರುತಿಸುವ ಓಬಿಡಿ ವ್ಯವಸ್ಥೆ ಕಡ್ಡಾಯವಾದದ್ದು 2010ರಿಂದ, ಎರಡನೇ ಹಂತ 2013ರಿಂದ. ಮಾರುತಿ ಝೆನ್‌ನ ಮೂರು ಗೇರಿನ ಆಟೊಮ್ಯಾಟಿಕ್, ಮೊದಲ ತಲೆಮಾರಿನ ಹೋಂಡಾ ಸಿಟಿ ಇವೆಲ್ಲ ಅದಕ್ಕೂ ಹಿಂದಿನವು. ಸ್ಕ್ಯಾನರ್ ಹೊಸ ಗಾಡಿಗಳ ಕೋಡ್ ಓದಿದರೂ ಅದರ ಮಾತು ಅಪೂರ್ಣ: ಪಿ0730 ಎಂದರೆ ಗೇರಿನ ಅನುಪಾತ ತಪ್ಪಿದೆ ಎಂದಷ್ಟೇ. ಆಯಿಲ್ ಕಡಿಮೆಯೋ, ವಾಲ್ವ್ ಸಿಕ್ಕಿಕೊಂಡಿದೆಯೋ, ಪ್ಲೇಟು ಸವೆದಿದೆಯೋ ತಿಳಿಯಲು ಮತ್ತೆ ಡಿಪ್‌ಸ್ಟಿಕ್, ಪ್ರೆಶರ್ ಗೇಜ್‌ಗೇ ಮರಳಬೇಕು. ಕೋಡ್ ನೋಡಿದ ತಕ್ಷಣ ಪೆಟ್ಟಿಗೆ ಬಿಚ್ಚುವುದು ಮಾಲೀಕನ ಜೇಬಿಗೆ ಅನ್ಯಾಯ.

2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ (ಆಟೊಮೇಟೆಡ್ ಮ್ಯಾನುಯಲ್ ಟ್ರಾನ್ಸ್‌ಮಿಶನ್) ಬೇರೆ ಜಾತಿಯದು. ಒಳಗಿರುವುದು ಮ್ಯಾನುಯಲ್ ಪೆಟ್ಟಿಗೆ; ಕ್ಲಚ್ ಮತ್ತು ಗೇರನ್ನು ಒತ್ತಿ ಸರಿಸಲು ಆಕ್ಚುಯೇಟರ್ ಇದೆ. ಟಾರ್ಕ್ ಕನ್ವರ್ಟರ್ ಇಲ್ಲದ್ದರಿಂದ ಸ್ಟಾಲ್ ಪರೀಕ್ಷೆ ಇಲ್ಲಿ ಸಲ್ಲದು, ಕ್ಲಚ್ಚೇ ಸುಟ್ಟೀತು. ಪ್ಲೇಟು ಬದಲಿಸುವ ಕೆಲಸ ಊರಿನ ಗ್ಯಾರೇಜಿಗೂ ಗೊತ್ತು, ಆದರೆ ಹೊಸ ಕ್ಲಚ್ ಎಲ್ಲಿ ಕಚ್ಚುತ್ತದೆಂದು ಸ್ಕ್ಯಾನರ್ ಮೂಲಕ ಕಂಪ್ಯೂಟರ್‌ಗೆ ಮತ್ತೆ ಕಲಿಸದಿದ್ದರೆ ಗಾಡಿ ಜರ್ಕ್ ಹೊಡೆಯುತ್ತಲೇ ಇರುತ್ತದೆ.