ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕರ ಹುದ್ದೆ: ಸಂದರ್ಶನದಲ್ಲಿ ಉತ್ತರಿಸುವ ಕ್ರಮ ಕುರಿತು ಅಭ್ಯರ್ಥಿಗಳಿಗೆ ಮಾಹಿತಿ

ಉತ್ತಮ ಅಂಕಗಳೊಂದಿಗೆ ಪಿಎಚ್.ಡಿ. ಪದವಿಯೂ ಇದ್ದಲ್ಲಿ ಆಯ್ಕೆ ಬಹುಪಾಲು ಖಚಿತವೆಂಬ ಭಾವನೆ ಅಭ್ಯರ್ಥಿಗಳಲ್ಲಿ ಸಾಮಾನ್ಯವಾಗಿದೆ. ಇದು ಸರಿಯಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯ ಪ್ರಕಾರ ಶೈಕ್ಷಣಿಕ ಅಂಕಗಳನ್ನು ಸಂದರ್ಶನಕ್ಕೆ ಕರೆಯಬೇಕಾದವರ ಪಟ್ಟಿ ಸಿದ್ಧಪಡಿಸಲು ಮಾತ್ರ ಪರಿಗಣಿಸಲಾಗುತ್ತದೆ. ಆಯ್ಕೆಯು ಸಂದರ್ಶನದಲ್ಲಿ ತೋರುವ ಸಾಮರ್ಥ್ಯವನ್ನೇ ಆಧರಿಸಿರುತ್ತದೆ. ಪಿಎಚ್.ಡಿ.ಗೆ 30, ಸ್ನಾತಕೋತ್ತರ ಪದವಿಗೆ ಗರಿಷ್ಠ 25, ಬೋಧನಾನುಭವಕ್ಕೆ ವರ್ಷಕ್ಕೆ 2ರಂತೆ ಗರಿಷ್ಠ 10 ಅಂಕಗಳು ಅಭ್ಯರ್ಥಿಯನ್ನು ಕೊಠಡಿಯ ಬಾಗಿಲವರೆಗೆ ಕರೆತರುತ್ತವೆ. ಈ ಕ್ರಮದಲ್ಲಿ, ಒಳಗೆ ಹೋದ ಮೇಲೆ 90 ಅಂಕ ಪಡೆದವರೂ 70 ಅಂಕ ಪಡೆದವರೂ ಸಮಾನರು.

2025ರ ಜನವರಿಯಲ್ಲಿ ಆಯೋಗವು ಹೊಸ ಕರಡು ನಿಯಮಾವಳಿಯನ್ನು ಪ್ರಕಟಿಸಿದೆ. ಆದುದರಿಂದ ತಾವು ಅರ್ಜಿ ಸಲ್ಲಿಸಿದ ಅಧಿಸೂಚನೆಯು ಯಾವ ನಿಯಮಾವಳಿಯನ್ನು ಉಲ್ಲೇಖಿಸಿದೆ, ಅಂಕಗಳ ಹಂಚಿಕೆ ಹೇಗಿದೆ ಎಂಬುದನ್ನು ಅಭ್ಯರ್ಥಿಗಳು ಮೊದಲು ನೋಡಿಕೊಳ್ಳತಕ್ಕದ್ದು.

ಆಯ್ಕೆ ಸಮಿತಿ

2018ರ ನಿಯಮಾವಳಿಯಂತೆ ಕುಲಪತಿಗಳು ಅಥವಾ ಅವರ ನಾಮನಿರ್ದೇಶಿತರು ಸಮಿತಿಯ ಅಧ್ಯಕ್ಷರಾಗಿರುತ್ತಾರೆ. ಮೂವರು ವಿಷಯ ತಜ್ಞರು, ನಿಕಾಯದ ಡೀನ್, ವಿಭಾಗದ ಮುಖ್ಯಸ್ಥರು ಹಾಗೂ ಅನ್ವಯವಾಗುವಲ್ಲಿ ಕುಲಾಧಿಪತಿಗಳ ನಾಮನಿರ್ದೇಶಿತರು ಸದಸ್ಯರಾಗಿರುತ್ತಾರೆ. ಹೊರಗಿನ ಇಬ್ಬರು ವಿಷಯ ತಜ್ಞರೂ ಸೇರಿದಂತೆ ಕನಿಷ್ಠ ನಾಲ್ವರು ಹಾಜರಿರಬೇಕು. ಕೇಳುವವರೆಲ್ಲರೂ ಅಭ್ಯರ್ಥಿಯ ವಿಷಯದವರೇ ಆಗಿರುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ತಜ್ಞರಿಗೆ ಒಪ್ಪಿಗೆಯಾಗುವ, ಪಕ್ಕದಲ್ಲಿರುವ ಅನ್ಯ ವಿಷಯದ ಪ್ರಾಧ್ಯಾಪಕರಿಗೂ ಅರ್ಥವಾಗುವ ಉತ್ತರವನ್ನು ಅಭ್ಯರ್ಥಿಯು ರೂಢಿಸಿಕೊಳ್ಳಬೇಕಾಗುತ್ತದೆ. ಸಂಶೋಧನೆಯ ಬಗ್ಗೆ ಕೇಳಿದಾಗ ಪ್ರಬಂಧದ ಶೀರ್ಷಿಕೆಯನ್ನು ಒಪ್ಪಿಸಿ ಸುಮ್ಮನಾಗುವುದು ಬಹಳಷ್ಟು ಅಭ್ಯರ್ಥಿಗಳು ಮಾಡುವ ತಪ್ಪು. ಯಾವ ಪ್ರಶ್ನೆಗೆ ಉತ್ತರ ಹುಡುಕಲಾಯಿತು, ಯಾರಿಂದ ಮಾಹಿತಿ ಪಡೆಯಲಾಯಿತು, ಏನು ಕಂಡುಬಂದಿತು ಎಂಬ ಮೂರನ್ನು ಎರಡು ನಿಮಿಷದೊಳಗೆ ಹೇಳಲು ಸಾಧ್ಯವಾಗಬೇಕು. ಲೇಖನವನ್ನು ಇತರರೊಂದಿಗೆ ಜಂಟಿಯಾಗಿ ಪ್ರಕಟಿಸಿದ್ದಲ್ಲಿ ಅದರಲ್ಲಿ ತಮ್ಮ ಪಾಲಿನ ಕೆಲಸವೇನೆಂಬುದನ್ನು ಇದ್ದದ್ದು ಇದ್ದಂತೆ ತಿಳಿಸತಕ್ಕದ್ದು.

ಪಾಠದ ಪ್ರಾತ್ಯಕ್ಷಿಕೆ

ತರಗತಿಯ ಸನ್ನಿವೇಶದಲ್ಲಿ ಉಪನ್ಯಾಸ ಅಥವಾ ವಿಚಾರ ಮಂಡನೆಯ ಮೂಲಕ ಬೋಧನಾ ಸಾಮರ್ಥ್ಯವನ್ನು ಪರೀಕ್ಷಿಸಲು ನಿಯಮಾವಳಿಯಲ್ಲಿ ಅವಕಾಶವಿದೆ. ಸಮಿತಿಯ ಮುಂದೆ ನಿಂತಾಗ, ಎದುರಿಗಿರುವವರು ಪ್ರಾಧ್ಯಾಪಕರೆಂಬ ಕಾರಣಕ್ಕೆ ಅಭ್ಯರ್ಥಿಯು ತನ್ನ ಪಾಂಡಿತ್ಯವನ್ನು ತೋರಿಸಲು ಮುಂದಾಗುತ್ತಾನೆ. ಸಮಿತಿಯು ನೋಡುವುದಾದರೋ ವಿದ್ಯಾರ್ಥಿಗೆ ತಿಳಿಯುವಂತೆ ಹೇಳಬಲ್ಲನೇ ಎಂಬುದನ್ನು.

ಉದಾಹರಣೆಗೆ, ವಾಣಿಜ್ಯ ವಿಭಾಗದ ಅಭ್ಯರ್ಥಿಗೆ ಮೊದಲ ವರ್ಷದ ಬಿ.ಕಾಂ. ವಿದ್ಯಾರ್ಥಿಗಳಿಗೆ ಸವಕಳಿಯನ್ನು ಬೋಧಿಸಲು ಸೂಚಿಸಿದರೆಂದು ಭಾವಿಸಬಹುದು. ಪುಸ್ತಕದ ವ್ಯಾಖ್ಯೆಯಿಂದ ಆರಂಭಿಸುವುದಕ್ಕಿಂತ 2,40,000 ರೂಪಾಯಿಗೆ ಕೊಂಡ ಒಂದು ಆಟೋರಿಕ್ಷಾದಿಂದ ಆರಂಭಿಸುವುದು ಮೇಲು. ಹತ್ತು ವರ್ಷ ಓಡಿದ ಮೇಲೆ ಅದು 40,000 ರೂಪಾಯಿಗೆ ಮಾರಾಟವಾಗುವುದಾದರೆ ಉಳಿದ 2,00,000 ರೂಪಾಯಿ ಎಲ್ಲಿ ಹೋಯಿತು? ವರ್ಷಕ್ಕೆ 20,000ದಂತೆ ಸವೆಯಿತು. ಆ ಹಣ ಯಾರ ಕೈಗೂ ಪ್ರತಿವರ್ಷ ಹೋಗಲಿಲ್ಲ, ಆದರೂ ಲೆಕ್ಕದಲ್ಲಿ ಖರ್ಚಾಗಿ ಬರೆಯಬೇಕು. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಎಡವುವ ಜಾಗವನ್ನು ಅರಿತು ಅಲ್ಲಿ ನಿಂತು ವಿವರಿಸಿದ ಅಭ್ಯರ್ಥಿಯು ಮೂರು ವಿಧಾನಗಳ ಸೂತ್ರಗಳನ್ನು ಒಂದೇ ಉಸಿರಿನಲ್ಲಿ ಹೇಳಿದವನಿಗಿಂತ ಉತ್ತಮ ಅಧ್ಯಾಪಕನಾಗಿ ಕಾಣುತ್ತಾನೆ. ಕರಿಹಲಗೆ ಇದ್ದಲ್ಲಿ ಬಳಸತಕ್ಕದ್ದು. ಹಲಗೆಯ ಕಡೆಗೇ ಮುಖಮಾಡಿ ಮಾತನಾಡಕೂಡದು.

ಭಾಷೆ

ಕನ್ನಡ ಮಾಧ್ಯಮದಲ್ಲಿ ಓದಿದ, ಗ್ರಾಮೀಣ ಹಿನ್ನೆಲೆಯ ಅಭ್ಯರ್ಥಿಗಳಿಗೆ ಇಂಗ್ಲಿಷಿನ ಭಯವೇ ದೊಡ್ಡ ತೊಡಕಾಗಿರುತ್ತದೆ. ಕಂಠಪಾಠ ಮಾಡಿದ ಇಂಗ್ಲಿಷ್ ವಾಕ್ಯಗಳು ಮೊದಲ ಮರುಪ್ರಶ್ನೆಗೇ ಕೈಕೊಡುತ್ತವೆ. ಅಂತಹವರು ಆರಂಭದಲ್ಲಿಯೇ ಅಧ್ಯಕ್ಷರ ಅನುಮತಿ ಕೋರಿ, ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿಯೂ ವಿವರಣೆಯನ್ನು ಕನ್ನಡದಲ್ಲಿಯೂ ನೀಡಬಹುದು. ಹೊರರಾಜ್ಯದ ತಜ್ಞರಿದ್ದಲ್ಲಿ ಇದಕ್ಕೆ ಅವಕಾಶ ದೊರೆಯದಿರಬಹುದು. ಆಗ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳು ಸಾಕು. ಸದಸ್ಯರನ್ನು ‘ಸರ್’, ‘ಮೇಡಂ’ ಎಂದು ಸಂಬೋಧಿಸಿದರೆ ಸಾಲುತ್ತದೆ. ಪ್ರತಿ ವಾಕ್ಯಕ್ಕೂ ಅದನ್ನು ಸೇರಿಸುವ ಅಗತ್ಯವಿಲ್ಲ.

ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲವೆಂದು ಹೇಳುವುದು ಲೋಪವಲ್ಲ. ಊಹಿಸಿ ಹೇಳಿದ ಒಂದು ಉತ್ತರವನ್ನು ಸಮರ್ಥಿಸಲು ಹೋಗಿ, ಸರಿಯಾಗಿ ಹೇಳಿದ ಹಿಂದಿನ ಉತ್ತರಗಳ ಮೇಲೂ ಅನುಮಾನ ಬರುವಂತೆ ಮಾಡಿಕೊಳ್ಳುವುದು ಹೆಚ್ಚಿನ ನಷ್ಟ.

ಅತಿಥಿ ಉಪನ್ಯಾಸಕರ ಗಮನಕ್ಕೆ

ಹಲವು ವರ್ಷ ಅತಿಥಿ ಉಪನ್ಯಾಸಕರಾಗಿ ದುಡಿದವರು ಅನುಭವದ ಬಗ್ಗೆ ಕೇಳಿದೊಡನೆ ಗೌರವಧನ, ಸೇವಾಭದ್ರತೆಗಳ ಕಷ್ಟವನ್ನು ಹೇಳಿಕೊಳ್ಳುವುದುಂಟು. ಕಷ್ಟವು ನಿಜವಾದುದೇ; ಆದರೆ ಸಂದರ್ಶನದಲ್ಲಿ ಅದಕ್ಕೆ ಅಂಕವಿಲ್ಲ, ಸಮಯವೂ ವ್ಯರ್ಥವಾಗುತ್ತದೆ. ಯಾವ ಪತ್ರಿಕೆಗಳನ್ನು ಎಷ್ಟು ಸೆಮಿಸ್ಟರ್ ಬೋಧಿಸಲಾಗಿದೆ, ಯಾವ ಅಧ್ಯಾಯ ವಿದ್ಯಾರ್ಥಿಗಳಿಗೆ ಕಠಿಣವಾಗಿತ್ತು, ಅದನ್ನು ಹೇಗೆ ಸುಲಭಗೊಳಿಸಲಾಯಿತು ಎಂದು ಹೇಳಿದಲ್ಲಿ ಅದೇ ಅನುಭವವು ನೆರವಿಗೆ ಬರುತ್ತದೆ. ಹೊಸಬರು ಇಂತಹ ಉತ್ತರ ನೀಡಲಾರರು.

ಸಂದರ್ಶನದ ನಂತರ

ಅಂಕಗಳ ನಮೂನೆ ಸಹಿತ ನಡವಳಿಯನ್ನು ಸಮಿತಿಯ ಸಭೆಯ ದಿನವೇ ದಾಖಲಿಸಿ ಸದಸ್ಯರು ಸಹಿ ಮಾಡಬೇಕೆಂದು ನಿಯಮವಿದೆ. ತಮ್ಮ ಅಂಕಗಳ ವಿವರ ಬಯಸುವವರು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿರುತ್ತದೆ.