ಜಾಲದಲ್ಲಿ ಸಿ.ಡಿ.-ರಾಂ: ಹಂಚಿಕೆ ಮತ್ತು ಅನುಮತಿಯ ಇತಿಹಾಸ

ಒಂದು ಕಂಪ್ಯೂಟರಿಗೆ ಜೋಡಿಸಿದ ಸಿ.ಡಿ.-ರಾಂ ಡ್ರೈವನ್ನು ಸ್ಥಳೀಯ ಜಾಲದ ಉಳಿದ ಕಂಪ್ಯೂಟರುಗಳಿಂದಲೂ ಓದಲು ಬಿಡುವ ವ್ಯವಸ್ಥೆಯೇ ಸಿ.ಡಿ.-ರಾಂ ಹಂಚಿಕೆ. 1980ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷ ಗ್ರಂಥಾಲಯ, ಪ್ರಯೋಗಾಲಯ, ಕಚೇರಿಗಳಲ್ಲಿ ಇದು ಚಾಲ್ತಿಯಲ್ಲಿತ್ತು. ಡಿಸ್ಕು ಸರಿಯಿದೆ, ಡ್ರೈವೂ ಸರಿಯಿದೆ, ಪಕ್ಕದ ಮೇಜಿನವರಿಗೆ ಮಾತ್ರ ತೆರೆಯುತ್ತಿಲ್ಲ ಎಂಬುದು ಆ ಕಾಲದ ಸಾಮಾನ್ಯ ದೂರು.

ಸೋನಿ ಮತ್ತು ಫಿಲಿಪ್ಸ್ ರೂಪಿಸಿದ ಸಿ.ಡಿ.-ರಾಂನಲ್ಲಿ ಸುಮಾರು 650 ಎಂ.ಬಿ. ಮಾಹಿತಿ ಹಿಡಿಸುತ್ತಿತ್ತು. ಅದರ ಕಡತ ವ್ಯವಸ್ಥೆಗೆ 1988ರಲ್ಲಿ ಐ.ಎಸ್.ಓ. 9660 ಎಂಬ ಮಾನಕ ಬಂತು. ಆದರೆ ಯಾರು ಓದಬಹುದು, ಯಾರು ಓದಬಾರದು ಎಂಬ ವಿವರ ಮಾಮೂಲಿ ಡಿಸ್ಕುಗಳಲ್ಲಿ ಇರುತ್ತಿರಲಿಲ್ಲ. ಅನುಮತಿಯನ್ನೆಲ್ಲ ಸರ್ವರೇ ನೋಡಿಕೊಳ್ಳಬೇಕಿತ್ತು. ಹೆಚ್ಚಿನ ತೊಡಕು ಹುಟ್ಟಿದ್ದು ಇಲ್ಲಿಯೇ.

ಡಾಸ್ ಕಾಲದ ತೊಡಕು ವಿಚಿತ್ರವಾದದ್ದು. ಡಾಸ್‌ಗೆ ಸಿ.ಡಿ. ಓದಲು ಬರುತ್ತಿರಲಿಲ್ಲವಾದ್ದರಿಂದ ಮೈಕ್ರೋಸಾಫ್ಟ್‌ನ ಎಂ.ಎಸ್.ಸಿ.ಡಿ.ಇ.ಎಕ್ಸ್. ಎಂಬ ಪೂರಕ ತಂತ್ರಾಂಶ ಡ್ರೈವನ್ನು ಜಾಲದ ಡ್ರೈವಿನ ವೇಷದಲ್ಲಿ ತೋರಿಸುತ್ತಿತ್ತು. ಆಗಲೇ ಜಾಲದಿಂದ ಬಂದಂತೆ ಕಾಣುವ ಡ್ರೈವನ್ನು ಮತ್ತೆ ಜಾಲಕ್ಕೆ ಹಂಚುವುದು ಹೇಗೆ? ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್‌ನಲ್ಲಿ ಆ ತಂತ್ರಾಂಶದ ಆಜ್ಞೆಯ ಸಾಲಿಗೆ '/ಎಸ್' ಸೇರಿಸಿದ ಮೇಲೆ ದಾರಿ ಸಿಗುತ್ತಿತ್ತು. ನಾವೆಲ್ ಕಂಪನಿಯ ನೆಟ್‌ವೇರ್ 3.12ರಲ್ಲಿ ಡಿಸ್ಕನ್ನು ಸರ್ವರಿನ ಒಂದು ವಾಲ್ಯೂಮ್ ಆಗಿ ಮೌಂಟ್ ಮಾಡಿ, ಬಳಕೆದಾರರ ಗುಂಪಿಗೆ ಓದುವ ಹಕ್ಕು ಕೊಡಬಹುದಿತ್ತು. ಡಿಸ್ಕು ಬದಲಿಸಬೇಕಾದರೆ ಹಳೆಯದನ್ನು ಮೊದಲು ಡಿಸ್‌ಮೌಂಟ್ ಮಾಡಲೇಬೇಕು.

ವಿಂಡೋಸ್ ಎನ್.ಟಿ.ಯಲ್ಲಿ ಹಾರ್ಡ್ ಡಿಸ್ಕಿನ ಎನ್.ಟಿ.ಎಫ್.ಎಸ್. ಕಡತಗಳಿಗೆ ಒಂದೊಂದಾಗಿ ಅನುಮತಿ ಕೊಡಬಹುದಿತ್ತು; ಸಿ.ಡಿ.ಗೆ ಆ ಸೌಲಭ್ಯವಿಲ್ಲ, ಷೇರಿನ ಮೇಲಿನ ಅನುಮತಿಯೊಂದೇ ಗತಿ. ಜೊತೆಗೆ ರಿಜಿಸ್ಟ್ರಿಯಲ್ಲಿ 'ಅಲೊಕೇಟ್ ಸಿ.ಡಿ. ರಾಮ್ಸ್' ಎಂಬ ನಮೂದಿತ್ತು. ಅದರ ಬೆಲೆ 1 ಆಗಿದ್ದರೆ ಆ ಯಂತ್ರದ ಮುಂದೆಯೇ ಲಾಗಿನ್ ಆದವನಿಗೆ ಮಾತ್ರ ಡ್ರೈವ್. ಷೇರ್ ಎಷ್ಟೇ ಸರಿಯಾಗಿದ್ದರೂ ಜಾಲದವರಿಗೆ ಬಾಗಿಲು ಬಂದ್. ಅನುಭವಸ್ಥರು ಪರದೆಯ ಸಂದೇಶದಿಂದಲೇ ರೋಗ ಗುರುತಿಸುತ್ತಿದ್ದರು: 'ಆಕ್ಸೆಸ್ ಡಿನೈಡ್' ಎಂದರೆ ಅನುಮತಿ ನೋಡಬೇಕು, 'ಡಿವೈಸ್ ನಾಟ್ ರೆಡಿ' ಎಂದರೆ ಎದ್ದು ಹೋಗಿ ಟ್ರೇ ನೋಡಬೇಕು.

ಯುನಿಕ್ಸ್ ಸರ್ವರುಗಳಲ್ಲಿ ತಾಪತ್ರಯ ತಿರುಗುಮುರುಗು. ಯಾರೋ ಒಬ್ಬರು ಡಿಸ್ಕಿನ ಕಡತ ತೆರೆದಿಟ್ಟು ಊಟಕ್ಕೆ ಹೋದರೆ, ಸರ್ವರಿನ ಬಳಿ ನಿಂತವರಿಗೂ ಡಿಸ್ಕು ಹೊರಬರುತ್ತಿರಲಿಲ್ಲ.

ಅನುಮತಿ ಸರಿಯಾದರೂ ವೇಗದ ಪ್ರಶ್ನೆ ಉಳಿಯಿತು. ಮೊದಲ ತಲೆಮಾರಿನ ಡ್ರೈವುಗಳ ವೇಗ ಸೆಕೆಂಡಿಗೆ 150 ಕೆ.ಬಿ. ಓದುವ ಲೇಸರ್ ಒಂದೇ, ಕೇಳುವವರು ಹಲವರು. ಹಲವು ಡ್ರೈವುಗಳನ್ನು ಒಂದರ ಮೇಲೊಂದು ಪೇರಿಸಿದ ಸಿ.ಡಿ. ಟವರುಗಳು ಬಂದವು. ಆಮೇಲೆ ಡಿಸ್ಕನ್ನೇ ಹಾರ್ಡ್ ಡಿಸ್ಕಿಗೆ ನಕಲು ಮಾಡಿ ಹಂಚುವ ಪದ್ಧತಿ ಬಂತು. ಪ್ರಕಾಶಕರು ಏಕಕಾಲಕ್ಕೆ ಇಷ್ಟೇ ಜನ ಎಂದು ಲೈಸೆನ್ಸಿನಲ್ಲಿ ಹಾಕುತ್ತಿದ್ದ ಮಿತಿ ಇನ್ನೊಂದು ಬೀಗ.

ಕರ್ನಾಟಕದಲ್ಲಿ ಈ ಕಥೆ ಹೆಚ್ಚಾಗಿ ವಿಜ್ಞಾನ ಗ್ರಂಥಾಲಯಗಳದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಶ್ವವಿದ್ಯಾಲಯ ಅನುದಾನ ಆಯೋಗ 1980ರ ದಶಕದಲ್ಲಿ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರವನ್ನು ಆರಂಭಿಸಿತು. ಸಂಶೋಧನಾ ಪ್ರಬಂಧಗಳ ಸಾರಾಂಶ ಹೊತ್ತ ವಿದೇಶಿ ಡಿಸ್ಕುಗಳನ್ನು ದೇಶದ ಗ್ರಂಥಾಲಯಗಳಿಗೆ ಪೂರೈಸುತ್ತಿದ್ದವರಲ್ಲಿ ಬೆಂಗಳೂರಿನ ಇನ್ಫರ್ಮ್ಯಾಟಿಕ್ಸ್ ಇಂಡಿಯಾ ಒಂದು.

ಅದೇ ಕಂಪನಿ 2001ರಲ್ಲಿ ಜೆ-ಗೇಟ್ ಎಂಬ ಅಂತರ್ಜಾಲ ಸೂಚಿಯನ್ನು ಹೊರತಂದಿತು. 2003ರಲ್ಲಿ ಕೇಂದ್ರ ಸರ್ಕಾರದ ಇಂಡೆಸ್ಟ್ ಒಕ್ಕೂಟದ ಮೂಲಕ ಐ.ಐ.ಟಿ.ಗಳಿಗೂ ವಿಜ್ಞಾನ ಸಂಸ್ಥೆಗೂ ವಿದ್ಯುನ್ಮಾನ ಪತ್ರಿಕೆಗಳು ನೇರವಾಗಿ ಸಿಗತೊಡಗಿದವು. ಅಲ್ಲಿಂದಾಚೆ ಅನುಮತಿಯನ್ನು ನಿರ್ಧರಿಸಿದ್ದು ಕ್ಯಾಂಪಸ್ಸಿನ ಐ.ಪಿ. ವಿಳಾಸ.